ನೂರರಲ್ಲಿ ಇಪ್ಪತ್ತು ಮನೆ: ಖರ್ಚು ಯಾರ ಲೆಕ್ಕಕ್ಕೆ?

ಹೊಸ ಬಡಾವಣೆಗೋ ವಸತಿ ಸಮುಚ್ಚಯಕ್ಕೋ ಅನುಮತಿ ಕೊಡುವಾಗ, ಅದರ ಇಂತಿಷ್ಟು ಮನೆಗಳನ್ನು ಕಡಿಮೆ ಆದಾಯದವರಿಗೆ ಕೈಗೆಟುಕುವ ದರದಲ್ಲಿ ಕೊಡಬೇಕೆಂದು ಷರತ್ತು ಹಾಕುವುದು ಈಗ ಹಲವು ದೇಶಗಳ ಸ್ಥಳೀಯ ಸಂಸ್ಥೆಗಳಲ್ಲಿ ರೂಢಿಯಾಗಿದೆ. ಈ ವಿಷಯ ಎಲ್ಲಿ ಚರ್ಚೆಗೆ ಬಂದರೂ ಜಗಳ ನಡೆಯುವುದು ಒಂದೇ ಅಂಕಿಯ ಸುತ್ತ. ಶೇ 10 ಸಾಕೇ, 20 ಬೇಕೇ, 30 ಆದರೆ ಅತಿಯಾಯಿತೇ? ಅಂಕಿ ದೊಡ್ಡದಿದ್ದರೆ ಬಡವರ ಪರ, ಚಿಕ್ಕದಿದ್ದರೆ ಬಿಲ್ಡರುಗಳ ಪರ ಎಂಬಲ್ಲಿಗೆ ಭಾಷಣಗಳು ಮುಗಿಯುತ್ತವೆ. ನನ್ನನ್ನು ಕೇಳಿದರೆ ಇಡೀ ನೀತಿಯಲ್ಲಿ ಅತ್ಯಂತ ಕಡಿಮೆ ತಿಳಿಸುವ ಅಂಕಿ ಇದೇ. ಮನೆಯನ್ನು ಕಡಿಮೆ ದರಕ್ಕೆ ಕೊಟ್ಟಾಗ ಬೀಳುವ ಕೊರತೆಯನ್ನು ಯಾರು ತುಂಬುತ್ತಾರೆ ಎಂಬುದನ್ನು ಮೊದಲು ಕೇಳಬೇಕು. ಅದಕ್ಕೆ ಉತ್ತರವಿಲ್ಲದ ನೀತಿಯಲ್ಲಿ ಶೇ 50 ಎಂದು ಬರೆದರೂ ಅದು ಕಾಗದದ ಮೇಲೆಯೇ ಉಳಿಯುತ್ತದೆ.

ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡೋಣ. ಒಂದೇ ಅಳತೆಯ ನೂರು ಮನೆಗಳ ಯೋಜನೆ. ಎಲ್ಲವನ್ನೂ ಮಾರುಕಟ್ಟೆ ದರಕ್ಕೆ ಮಾರಿದರೆ ಬರುವ ಹಣವನ್ನು 100 ಪಾಲು ಎಂದುಕೊಳ್ಳಿ. ಕಟ್ಟುವ ಖರ್ಚಿಗೆ 55 ಪಾಲು ಹೋಗುತ್ತದೆ. ಬಡ್ಡಿ, ಶುಲ್ಕ, ಜಾಹೀರಾತು, ವಾಸ್ತುಶಿಲ್ಪಿಗಳ ಸಂಭಾವನೆ ಎಲ್ಲ ಸೇರಿ 10. ಬಿಲ್ಡರ್ 15 ಪಾಲು ಲಾಭವಿಲ್ಲದೆ ಕೈಹಾಕುವುದಿಲ್ಲ. ಅವನು ಕೈಹಾಕಿದರೂ ಸಾಲ ಕೊಡುವ ಬ್ಯಾಂಕು ಒಪ್ಪುವುದಿಲ್ಲ. ಇನ್ನು ಉಳಿಯುವ 20 ಪಾಲೇ ಜಮೀನಿಗೆ ಕೊಡಬಹುದಾದ ಗರಿಷ್ಠ ಬೆಲೆ. ಕಟ್ಟಡದ ಉದ್ಯಮದಲ್ಲಿ ಜಮೀನಿನ ಬೆಲೆ ಕಟ್ಟುವುದೇ ಹೀಗೆ: ಮಾರಾಟದ ಮೊತ್ತದಿಂದ ಒಂದೊಂದೇ ಖರ್ಚು ಕಳೆಯುತ್ತ ಬಂದು ಕೊನೆಗೆ ಉಳಿದದ್ದು ಜಮೀನಿನ ಮಾಲೀಕನಿಗೆ.

ಈಗ ನಿಯಮ ಬಂತು. ನೂರರಲ್ಲಿ 20 ಮನೆಗಳನ್ನು ಮಾರುಕಟ್ಟೆಯ ಶೇ 60ರ ದರಕ್ಕೆ ಕೊಡಬೇಕು. ಒಟ್ಟು ಆದಾಯ 92ಕ್ಕೆ ಇಳಿಯಿತು, ಎಂಟು ಪಾಲು ಕೊರತೆ ಬಿತ್ತು. ಜಮೀನಿನ ವ್ಯವಹಾರ ಇನ್ನೂ ಕುದುರಿಲ್ಲದಿದ್ದರೆ ಬಿಲ್ಡರ್ 20ರ ಬದಲು 12 ಪಾಲು ಕೊಡುತ್ತೇನೆ ಎನ್ನುತ್ತಾನೆ. ಬರೀ ಹೊಲವಾಗಿದ್ದಾಗ ಎರಡು ಮೂರು ಪಾಲೂ ಬಾಳದ ಜಮೀನಾದ್ದರಿಂದ ಮಾಲೀಕ ಗೊಣಗಿಕೊಂಡಾದರೂ ಮಾರಬಹುದು. ಕೊರತೆ ಜಮೀನಿನ ಬೆಲೆಯಲ್ಲಿ ಕರಗಿತು, ಮನೆಗಳು ಎದ್ದವು. ಆದರೆ ಬಿಲ್ಡರ್ ಆಗಲೇ 20 ಪಾಲು ಕೊಟ್ಟು ಜಮೀನು ಕೊಂಡಿದ್ದು, ನಿಯಮ ಆಮೇಲೆ ಬಂದಿದ್ದರೆ? ಆ ಎಂಟು ಪಾಲು ಅವನ ಲಾಭದಿಂದ ಹೋಗಬೇಕು. 15 ಇದ್ದದ್ದು 7 ಆಗುತ್ತದೆ, ಸಾಲ ಸಿಗುವುದಿಲ್ಲ, ಯೋಜನೆ ಅಲ್ಲಿಗೇ ನಿಲ್ಲುತ್ತದೆ. ಕೈಗೆಟುಕುವ ಮನೆಯೂ ಇಲ್ಲ, ಬೇರೆ ಮನೆಯೂ ಇಲ್ಲ. ನಿಯಮವೂ ಅದೇ, ಅಂಕಿಯೂ ಅದೇ. ಬದಲಾದದ್ದು ಜಮೀನು ಕೈಬದಲಾದ ದಿನಾಂಕ ಮಾತ್ರ.

ಬಿಲ್ಡರ್ ಉಳಿದ 80 ಮನೆಗಳ ಬೆಲೆ ಏರಿಸಿ ಸರಿದೂಗಿಸಿಕೊಳ್ಳುತ್ತಾನೆ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಅದು ಅಷ್ಟು ಸುಲಭವಲ್ಲ. ಏರಿಸಲು ಸಾಧ್ಯವಿದ್ದಿದ್ದರೆ ನಿಯಮಕ್ಕೆ ಮೊದಲೇ ಏರಿಸಿರುತ್ತಿದ್ದ. ಗಿರಾಕಿ ಎಷ್ಟು ಕೊಟ್ಟಾನೋ ಅಷ್ಟನ್ನು ಅವನು ಮೊದಲಿನಿಂದಲೂ ಕೇಳುತ್ತಲೇ ಇದ್ದಾನೆ. ಆದರೆ ಯೋಜನೆಗಳು ಒಂದರ ಹಿಂದೆ ಒಂದು ನಿಂತು ನಾಲ್ಕೈದು ವರ್ಷ ಮನೆಗಳೇ ಬರದಿದ್ದರೆ ಇರುವ ಮನೆಗಳ ಬೆಲೆ ಏರುವುದು ಖಂಡಿತ. ಈ ನೀತಿಯನ್ನು ‘ಹೊಸ ಮನೆಗಳ ಮೇಲಿನ ತೆರಿಗೆ’ ಎಂದು ಟೀಕಿಸುವ ಅರ್ಥಶಾಸ್ತ್ರಜ್ಞರ ವಾದದಲ್ಲಿ ಸತ್ಯವಿರುವುದು ಇಲ್ಲಿ. ನಿಯಮವನ್ನು ಸಾಕಷ್ಟು ಮುಂಚೆ ಸಾರಿ, ಬಗ್ಗದೆ ನಿಂತರೆ ಆ ತೆರಿಗೆಯನ್ನು ಕಟ್ಟುವವನು ಜಮೀನಿನ ಮಾಲೀಕ. ರಾತ್ರೋರಾತ್ರಿ ತಂದು ಆಗಾಗ ಬದಲಿಸಿದರೆ ಬಾಡಿಗೆದಾರನೂ ಮನೆ ಕೊಳ್ಳುವವನೂ ಕಟ್ಟುತ್ತಾರೆ.

ಐರ್ಲೆಂಡ್ ಈ ಪಾಠವನ್ನು ಎರಡು ದಶಕಗಳ ಕಾಲ ಕಲಿಯಿತು. ಅಲ್ಲಿನ 2000ದ ಯೋಜನಾ ಮತ್ತು ಅಭಿವೃದ್ಧಿ ಕಾಯ್ದೆಯ ಐದನೇ ಭಾಗದ ಪ್ರಕಾರ ವಸತಿ ಯೋಜನೆಗಳ ಶೇ 20ರವರೆಗಿನ ಜಮೀನನ್ನು ಸಾಮಾಜಿಕ (ಅಂದರೆ ಸ್ಥಳೀಯ ಸಂಸ್ಥೆಯೋ ವಸತಿ ಸಂಸ್ಥೆಯೋ ಬಡವರಿಗೆ ಕಡಿಮೆ ಬಾಡಿಗೆಗೆ ಕೊಡುವ) ಮತ್ತು ಕೈಗೆಟುಕುವ ವಸತಿಗಾಗಿ ಸ್ಥಳೀಯ ಸಂಸ್ಥೆ ಕೇಳಬಹುದಿತ್ತು. ಅದಕ್ಕೆ ಕೊಡುವ ಬೆಲೆ ಆ ಜಮೀನಿನ ಆಗಿನ ಬಳಕೆಯ ಮೌಲ್ಯ ಮಾತ್ರ. ಮನೆ ಕಟ್ಟಲು ಅನುಮತಿ ಸಿಕ್ಕಿದ ಮೇಲಿನ ಏರು ಬೆಲೆಯಲ್ಲ. ಆಸ್ತಿಯ ಹಕ್ಕಿಗೆ ಧಕ್ಕೆ ಎಂಬ ಪ್ರಶ್ನೆ ಎದ್ದು, ಕಾನೂನು ಜಾರಿಗೆ ಬರುವ ಮೊದಲೇ ಸುಪ್ರೀಂ ಕೋರ್ಟ್ ಅದನ್ನು ಪರಿಶೀಲಿಸಿ ಎತ್ತಿಹಿಡಿಯಿತು. ಎರಡೇ ವರ್ಷಗಳಲ್ಲಿ, 2002ರಲ್ಲಿ ತಿದ್ದುಪಡಿ ಬಂತು: ಮನೆ ಕೊಡುವ ಬದಲು ಹಣ ಕೊಡಬಹುದು, ಇಲ್ಲವೇ ಬೇರೆಡೆ ಜಮೀನು ಕೊಡಬಹುದು. 2015ರಲ್ಲಿ ಪ್ರಮಾಣ ಶೇ 10ಕ್ಕೆ ಇಳಿದು, ಹಣ ಕೊಟ್ಟು ಪಾರಾಗುವ ದಾರಿಯೂ ಮುಚ್ಚಿತು. 2021ರಲ್ಲಿ ಮತ್ತೆ ಶೇ 20 ಆಯಿತು. ಆದರೆ ಈ ಸಲ ಒಂದು ವಿವೇಕದ ಷರತ್ತಿತ್ತು. 2015ರ ಸೆಪ್ಟೆಂಬರ್ 1ರಿಂದ 2021ರ ಜುಲೈ 31ರ ನಡುವೆ ಕೊಂಡ ಜಮೀನಿಗೆ 2026ರವರೆಗೆ ಹಳೆಯ ಶೇ 10 ಮಾತ್ರ. ಶೇ 10 ಎಂದು ನಂಬಿ ಬೆಲೆ ಕೊಟ್ಟವನಿಗೆ ಅನುಮತಿ ಪಡೆಯಲು ಕಾಲಾವಕಾಶ ಸಿಕ್ಕಿತು; ಇನ್ನು ಮುಂದೆ ಕೊಳ್ಳುವವನು ಶೇ 20ರ ಲೆಕ್ಕ ಹಾಕಿಯೇ ಬೆಲೆ ಹೇಳಲಿ ಎಂದಾಯಿತು. ಮೇಲಿನ ಲೆಕ್ಕವನ್ನು ಕಾನೂನಿನ ಭಾಷೆಗೆ ಇಳಿಸಿದ ಇಷ್ಟು ಸ್ಪಷ್ಟ ಉದಾಹರಣೆ ಅಪರೂಪ.

ಇಂಗ್ಲೆಂಡಿನ ಕತೆ ಇದಕ್ಕೆ ತಿರುವುಮುರುವು. ಅಲ್ಲಿ 1990ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ಪ್ರತಿ ಯೋಜನೆಗೂ ಸ್ಥಳೀಯ ಕೌನ್ಸಿಲ್ ಮತ್ತು ಬಿಲ್ಡರ್ ಕೂತು ಪ್ರತ್ಯೇಕ ಒಪ್ಪಂದ ಮಾಡಿಕೊಳ್ಳುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ದೇಶದ ಕೈಗೆಟುಕುವ ಹೊಸ ಮನೆಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಬಂದದ್ದು ಈ ಒಪ್ಪಂದಗಳಿಂದಲೇ, ಆದ್ದರಿಂದ ಇದನ್ನು ವಿಫಲ ಎನ್ನುವಂತಿಲ್ಲ. ತೊಂದರೆ ಇದ್ದದ್ದು ಚೌಕಾಸಿಯಲ್ಲಿ. ನಿಮ್ಮ ಷರತ್ತು ಪಾಲಿಸಿದರೆ ಯೋಜನೆ ಗಿಟ್ಟುವುದಿಲ್ಲ ಎಂದು ಬಿಲ್ಡರ್ ಲೆಕ್ಕಪತ್ರ ತಂದಿಡಬಹುದಿತ್ತು. 2012ರ ರಾಷ್ಟ್ರೀಯ ಯೋಜನಾ ಚೌಕಟ್ಟು ಜಮೀನಿನ ಮಾಲೀಕನಿಗೂ ಬಿಲ್ಡರ್‌ಗೂ ‘ಸ್ಪರ್ಧಾತ್ಮಕ ಪ್ರತಿಫಲ’ ಸಿಗಬೇಕು ಎಂದದ್ದು ಆ ಲೆಕ್ಕಪತ್ರಕ್ಕೆ ಇನ್ನಷ್ಟು ಬಲ ಕೊಟ್ಟಿತು. ಲೆಕ್ಕಪತ್ರಗಳು ಆಗ ಬಹುಪಾಲು ಗೌಪ್ಯ. ಅದರೊಳಗೆ ಜಮೀನಿನ ಖರ್ಚು ಎಂದು ತೋರಿಸುತ್ತಿದ್ದದ್ದು ಹಲವು ಸಲ ಬಿಲ್ಡರ್ ತಾನೇ ಮೇಲೆ ಬಿದ್ದು ಕೊಟ್ಟ ಬೆಲೆ.

ಇದರ ಫಲ ಊಹಿಸಬಹುದು. ಶೇ 35 ಕೈಗೆಟುಕುವ ಮನೆ ಕೊಡಲೇಬೇಕು ಎಂದು ನಂಬಿದ ಪ್ರಾಮಾಣಿಕ ಬಿಲ್ಡರ್, ಮೇಲಿನ ಲೆಕ್ಕದಂತೆಯೇ, ಜಮೀನಿಗೆ 6 ಪಾಲು ಕೂಗುತ್ತಾನೆ. ಆಮೇಲೆ ಚೌಕಾಸಿ ಮಾಡಿ ಶೇ 10ಕ್ಕೆ ಇಳಿಸಿದರಾಯಿತು ಎಂದುಕೊಂಡವನು 16 ಕೂಗಿ ಜಮೀನು ಹೊಡೆದುಕೊಳ್ಳುತ್ತಾನೆ. ನಂತರ ಕೌನ್ಸಿಲ್ ಎದುರು ಬಂದು, ನೋಡಿ, ಜಮೀನಿಗೇ ಇಷ್ಟು ಸುರಿದಿದ್ದೇನೆ, ನಿಮ್ಮ ಮನೆಗಳಿಗೆ ಎಲ್ಲಿಂದ ತರಲಿ ಎಂದು ಕೈಚೆಲ್ಲುತ್ತಾನೆ. ರಿಯಾಯಿತಿ ಕೊಟ್ಟ ಕೌನ್ಸಿಲ್ ಸದಸ್ಯರು ವಸತಿ ಯೋಜನೆಯನ್ನು ಉಳಿಸಿದೆವು ಎಂದುಕೊಳ್ಳುತ್ತಾರೆ. ಉಳಿದದ್ದು ಜಮೀನಿನ ಮಾಲೀಕನ ಹತ್ತು ಪಾಲು. 2018ರಲ್ಲಿ ಸರ್ಕಾರ ಈ ಬಾಗಿಲು ಮುಚ್ಚಲು ನೋಡಿತು: ಜಮೀನಿಗೆ ಕೊಟ್ಟ ಬೆಲೆಯನ್ನು ಯಾವ ಕಾರಣಕ್ಕೂ ನೆಪವಾಗಿ ಒಡ್ಡುವಂತಿಲ್ಲ, ಲೆಕ್ಕ ಹಿಡಿಯಬೇಕಾದದ್ದು ಈಗಿನ ಬಳಕೆಯ ಮೌಲ್ಯ ಮತ್ತು ಅದರ ಮೇಲೊಂದಿಷ್ಟು ಎಂದು ಮಾರ್ಗಸೂಚಿ ಹೊರಡಿಸಿತು. ಲಂಡನ್ನಿನ ಮೇಯರ್ ಸಾದಿಕ್ ಖಾನ್ 2017ರಲ್ಲಿ ಇನ್ನೊಂದು ಉಪಾಯ ಮಾಡಿದ್ದರು. ಶೇ 35 ಕೊಡುತ್ತೇನೆ ಎಂದು ಒಪ್ಪಿಕೊಂಡು ಬಂದವನ ಲೆಕ್ಕಪತ್ರ ಕೇಳುವುದಿಲ್ಲ, ಕಡತ ಬೇಗ ಸಾಗುತ್ತದೆ. ಅದಕ್ಕಿಂತ ಕಡಿಮೆ ಕೊಡುತ್ತೇನೆ ಎನ್ನುವವನು ಲೆಕ್ಕವನ್ನೆಲ್ಲ ಬಿಚ್ಚಿಡಬೇಕು. ಸಾರ್ವಜನಿಕ ಜಮೀನಾದರೆ ಶೇ 50. ಬಡ್ಡಿಯ ಮೀಟರ್ ಓಡುತ್ತಿರುವಾಗ ಬಿಲ್ಡರ್‌ಗೆ ಆರು ತಿಂಗಳ ಸಮಯ ಎಷ್ಟು ಬೆಲೆ ಬಾಳುತ್ತದೆ ಎಂದು ತಿಳಿದವರು ಮಾಡಿದ ನಿಯಮ ಇದು.

ಜರ್ಮನಿಯ ಮ್ಯೂನಿಕ್ ನಗರ ಮಾತ್ರ 1994ರಿಂದಲೂ ಈ ಪ್ರಶ್ನೆಯನ್ನು ಸುತ್ತಿ ಬಳಸದೆ ಕೇಳುತ್ತ ಬಂದಿದೆ. ನಗರ ಯೋಜನೆ ಬದಲಿಸಿ ಒಂದು ಜಮೀನನ್ನು ವಸತಿಗೆ ತೆರೆದಾಗ ಅದರ ಬೆಲೆ ಏರುತ್ತದೆ. ಏರಿದ್ದು ಮಾಲೀಕನ ದುಡಿಮೆಯಿಂದಲ್ಲ, ಪುರಸಭೆಯ ಒಂದು ನಿರ್ಣಯದಿಂದ. ಆದ್ದರಿಂದ ಆ ಏರಿಕೆಯ ಕನಿಷ್ಠ ಮೂರನೇ ಒಂದು ಭಾಗ ಮಾಲೀಕನಿಗಿರಲಿ, ಉಳಿದದ್ದರಲ್ಲಿ ರಸ್ತೆ, ಶಿಶುವಿಹಾರ, ಕೈಗೆಟುಕುವ ಮನೆ ಎಲ್ಲ ಬರಲಿ ಎಂಬುದು ಅಲ್ಲಿನ ಸೂತ್ರ. ಇದಕ್ಕೊಪ್ಪದ ಮಾಲೀಕನ ಜಮೀನು ಹಳೆಯ ಬಳಕೆಯಲ್ಲೇ ಉಳಿಯುತ್ತದೆ. ವಿಯೆನ್ನಾ 2018ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ದೊಡ್ಡ ಜಾಗಗಳನ್ನು ಹೊಸದಾಗಿ ವಸತಿ ವಲಯಕ್ಕೆ ಸೇರಿಸಿದರೆ ಮೂರನೇ ಎರಡು ಭಾಗ ಸಹಾಯಧನದ ಮನೆಗಳೇ ಆಗಬೇಕು, ಆ ಭಾಗದ ಜಮೀನಿನ ಬೆಲೆ ಚದರ ಮೀಟರ್ ಕಟ್ಟಡ ವಿಸ್ತೀರ್ಣಕ್ಕೆ 188 ಯೂರೋ ಮೀರಬಾರದು ಎಂದು ಕಟ್ಟಡ ಸಂಹಿತೆಗೆ ತಿದ್ದುಪಡಿ ತಂದಿತು. ವಿಯೆನ್ನಾದಂತೆ ಒಂದು ಶತಮಾನದಿಂದ ತಾನೇ ಮನೆ ಕಟ್ಟಿಸುತ್ತ ಬಂದ, ಸಹಾಯಧನಕ್ಕೆ ಹಣವಿರುವ ನಗರಕ್ಕೆ ಇದು ಸಾಧ್ಯ. ಬೊಕ್ಕಸ ಖಾಲಿ ಇರುವ ಪುರಸಭೆ ಬರೀ ಬೆಲೆಮಿತಿಯನ್ನು ನಕಲು ಮಾಡಿದರೆ ಮೇಜಿನ ಕೆಳಗೆ ಹಣ ಓಡಾಡುತ್ತದೆ ಅಷ್ಟೆ.

ನಿಯಮ ಎಷ್ಟು ದೊಡ್ಡ ಯೋಜನೆಯಿಂದ ಶುರುವಾಗುತ್ತದೆ ಎಂಬುದು ನೋಡಲು ತಾಂತ್ರಿಕ ವಿವರ. ಆದರೆ ಊರಿನ ಕಟ್ಟಡಗಳ ಆಕಾರವನ್ನೇ ಅದು ಬದಲಿಸಬಲ್ಲದು. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 2017ರ ಫೆಬ್ರುವರಿಯಿಂದ 20 ಅಥವಾ ಹೆಚ್ಚು ಮನೆಗಳ ಕಟ್ಟಡಗಳಿಗೆ ನಿಯಮ ಅನ್ವಯವಾಯಿತು. ಅದಕ್ಕೆ ಮೊದಲು ಹಳೆಯ ನಿಯಮದಡಿ ಅನುಮತಿ ಪಡೆಯಲು ಅರ್ಜಿಗಳ ನೂಕುನುಗ್ಗಲು. ಆಮೇಲೆ 19 ಮನೆಗಳ ಕಟ್ಟಡಗಳು ಅಲ್ಲಲ್ಲಿ ತಲೆಯೆತ್ತಿದವು. ಮೂವತ್ತು ಮನೆ ಹಿಡಿಸುವ ನಿವೇಶನದಲ್ಲಿ 19 ಕಟ್ಟಿದರೆ ಕೈಗೆಟುಕುವ ಮನೆಗಳಷ್ಟೇ ಅಲ್ಲ, ಹನ್ನೊಂದು ಮನೆಗಳು ಪೂರ್ತಿ ಇಲ್ಲವಾದವು. ಮಹಾರಾಷ್ಟ್ರ 2013ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಶೇ 20 ಕಡ್ಡಾಯ ಮಾಡಿದಾಗ 4,000 ಚದರ ಮೀಟರ್ ನಿವೇಶನದ ಮಿತಿ ಹಾಕಿತು. ಇಂಥ ಗೆರೆ ಎಳೆದಲ್ಲೆಲ್ಲ ದೊಡ್ಡ ನಿವೇಶನವನ್ನು ತುಂಡು ಮಾಡಿ ತೋರಿಸುವ ಆಸೆ ಹುಟ್ಟುತ್ತದೆ. ಬಾರ್ಸಿಲೋನಾ 2018ರ ಕೊನೆಯಲ್ಲಿ 600 ಚದರ ಮೀಟರ್ ಮೀರಿದ ಹೊಸ ಕಟ್ಟಡಗಳಿಗೂ ದೊಡ್ಡ ನವೀಕರಣಗಳಿಗೂ ಶೇ 30 ಎಂದಿತು. ಇಡೀ ಯೂರೋಪ್ ಚಪ್ಪಾಳೆ ತಟ್ಟಿತು. ವರ್ಷಕ್ಕೆ ನೂರಾರು ಮನೆಗಳ ನಿರೀಕ್ಷೆ ಇತ್ತು. ವರ್ಷಗಳು ಕಳೆದ ಮೇಲೂ ಕೈಗೆ ಬಂದದ್ದು ಅದರ ಅತ್ಯಲ್ಪ ಭಾಗ. ಆಗಲೇ ತುಂಬಿದ ನಗರ, ಚಿಕ್ಕ ಚಿಕ್ಕ ಕಟ್ಟಡಗಳು, ಪ್ರತಿಯಾಗಿ ಹೆಚ್ಚುವರಿ ಮಹಡಿ ಕೊಡಲು ಜಾಗವಿಲ್ಲ, ಮೇಲಾಗಿ ನಗರದ ಗಡಿ ದಾಟಿದರೆ ನಿಯಮವೇ ಇಲ್ಲ. ಚಪ್ಪಾಳೆ ಗಿಟ್ಟಿಸಿದ್ದು ಅಂಕಿ, ಸೋಲಿಸಿದ್ದು ಇವೆಲ್ಲ.

ಹೆಚ್ಚುವರಿ ಮಹಡಿಯ ಮಾತು ಬಂತು. ಷರತ್ತಿಗೆ ಪ್ರತಿಫಲವಾಗಿ ಹೆಚ್ಚು ಕಟ್ಟಲು ಬಿಡುವುದು, ಅಂದರೆ ನಿವೇಶನದ ಅಳತೆಯ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿಯನ್ನು (ಎಫ್‌ಎಆರ್) ಏರಿಸಿಕೊಡುವುದು, ಸ್ಥಳೀಯ ಸಂಸ್ಥೆಗಳಿಗೆ ಬಲು ಪ್ರಿಯವಾದ ಉಪಾಯ. ಬೊಕ್ಕಸದಿಂದ ಬಿಡಿಗಾಸೂ ಹೋಗುವುದಿಲ್ಲವಲ್ಲ. ಬೇಡಿಕೆ ಕುದಿಯುತ್ತಿರುವ ಕಡೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ನಾಲ್ಕನೇ ಮಹಡಿಯ ಮನೆಯನ್ನೇ ಮಾರಲಾಗದ ಜಾಗದಲ್ಲಿ ಐದನೆಯ ಮಹಡಿಯನ್ನು ಉಚಿತವಾಗಿ ಕೊಟ್ಟರೆ ಯಾರಿಗೆ ಬೇಕು? ನೀರು, ಒಳಚರಂಡಿ, ರಸ್ತೆ ಆ ಹೆಚ್ಚುವರಿ ಜನರನ್ನು ತಾಳುತ್ತವೆಯೇ ಎಂಬ ಪ್ರಶ್ನೆ ಬೇರೆ.

ಇನ್ನು, ಕೈಗೆಟುಕುವುದು ಎಂದರೆ ಯಾರ ಕೈಗೆ? ಇಂಗ್ಲೆಂಡಿನಲ್ಲಿ 2011ರಿಂದ ಮಾರುಕಟ್ಟೆ ಬಾಡಿಗೆಯ ಶೇ 80ರವರೆಗಿನ ಬಾಡಿಗೆಯನ್ನೂ ‘ಕೈಗೆಟುಕುವ ಬಾಡಿಗೆ’ ಎಂದು ಕರೆಯುತ್ತಾರೆ. ಲಂಡನ್ನಿನ ನಡುಭಾಗದಲ್ಲಿ ಆ ಶೇ 80 ಎಂದರೆ ನರ್ಸ್ ಒಬ್ಬಳ ಸಂಬಳ ಬಾಡಿಗೆಯಲ್ಲೇ ಮುಗಿದುಹೋಗುವಷ್ಟು. ನ್ಯೂಯಾರ್ಕ್‌ನ 2016ರ ಕಡ್ಡಾಯ ನಿಯಮ ಬಾಡಿಗೆಯನ್ನು ಮಾರುಕಟ್ಟೆಗೆ ಕಟ್ಟದೆ ಆದಾಯಕ್ಕೆ ಕಟ್ಟಿತು: ವಲಯ ಬದಲಿಸಿ ಹೆಚ್ಚು ಕಟ್ಟಲು ಬಿಟ್ಟ ಕಡೆ, ಒಂದು ಆಯ್ಕೆಯಲ್ಲಿ, ಶೇ 25 ಮನೆಗಳು ಪ್ರದೇಶದ ಮಧ್ಯಾಂಕ ಆದಾಯದ (ಅರ್ಧ ಕುಟುಂಬಗಳು ಅದಕ್ಕಿಂತ ಹೆಚ್ಚು, ಅರ್ಧ ಕಡಿಮೆ ಗಳಿಸುವ ಗೆರೆ) ಸರಾಸರಿ ಶೇ 60 ಗಳಿಸುವವರಿಗೆ. ಕೇಳಲು ನ್ಯಾಯವಾಗಿದೆ. ಆದರೆ ಆ ‘ಪ್ರದೇಶ’ದ ಲೆಕ್ಕದಲ್ಲಿ ನಗರದಾಚೆಯ ಶ್ರೀಮಂತ ಉಪನಗರವೂ ಸೇರುತ್ತದೆ. ಹೀಗಾಗಿ ಬಡ ಬೀದಿಯೊಂದರಲ್ಲಿ ಎದ್ದ ‘ಕೈಗೆಟುಕುವ’ ಮನೆಗೆ ಅದೇ ಬೀದಿಯವರ ಆದಾಯ ಸಾಲದೆ ಹೋದದ್ದುಂಟು. ಅಂಕಿಯನ್ನು ಏರಿಸುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಶೇ 10ರಷ್ಟು ಮನೆಗಳನ್ನು ನಿಜವಾದ ಬಡವರಿಗೆ ಕೊಡುವುದಕ್ಕೂ ಶೇ 30ರಷ್ಟನ್ನು ಮಧ್ಯಮ ವರ್ಗದ ಮೇಲಂಚಿಗೆ ಕೊಡುವುದಕ್ಕೂ ಬಿಲ್ಡರ್‌ಗೆ ತಗಲುವ ಖರ್ಚು ಒಂದೇ ಆಗಿರಬಹುದು. ಚುನಾವಣಾ ಪ್ರಣಾಳಿಕೆಯಲ್ಲಿ ಎರಡನೆಯದು ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಮನೆ ಎಲ್ಲಿರಬೇಕು ಎಂಬುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಅದೇ ಯೋಜನೆಯೊಳಗೆ ಕಟ್ಟಬೇಕೇ, ಅಥವಾ ಹಣ ತೆಗೆದುಕೊಂಡು ಜಮೀನು ಅಗ್ಗವಿರುವ ಕಡೆ ಎರಡರಷ್ಟು ಮನೆ ಕಟ್ಟಬೇಕೇ? ಲೆಕ್ಕಿಗರು ಎರಡನೆಯದನ್ನೇ ಹೇಳುತ್ತಾರೆ. ಆದರೆ ಈ ನೀತಿ ಹುಟ್ಟಿದ್ದೇ ಬಡವರನ್ನು ಊರಾಚೆ ಇಡುವ ನಕ್ಷೆಗಳ ವಿರುದ್ಧ. ನ್ಯೂಜೆರ್ಸಿಯ ಮೌಂಟ್ ಲಾರೆಲ್ ಪಟ್ಟಣ ದೊಡ್ಡ ನಿವೇಶನ, ದೊಡ್ಡ ಮನೆಗಳಿಗಷ್ಟೇ ಅವಕಾಶ ಕೊಟ್ಟು, ತಲೆಮಾರುಗಳಿಂದ ಅಲ್ಲೇ ಬಾಳಿದ ಕಪ್ಪು ಕುಟುಂಬಗಳ ಮಕ್ಕಳಿಗೂ ಜಾಗವಿಲ್ಲದಂತೆ ಮಾಡಿದ್ದನ್ನು ಎಥೆಲ್ ಲಾರೆನ್ಸ್ ಮತ್ತಿತರರು ಪ್ರಶ್ನಿಸಿದರು. 1975ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇಂಥ ವಲಯ ನಿಯಮ ಸಂವಿಧಾನಬಾಹಿರ ಎಂದಿತು. ಎಥೆಲ್ ಅವರ ಹೆಸರಿನ ಕೈಗೆಟುಕುವ ಮನೆಗಳು ಅಲ್ಲಿ ಎದ್ದದ್ದು 2000ದ ಹೊತ್ತಿಗೆ, ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಮೇರಿಲ್ಯಾಂಡ್‌ನ ಮಾಂಟ್ಗೊಮೆರಿ ಕೌಂಟಿಯಲ್ಲಿ ಇದೇ ನೀತಿಯಿಂದ ಒಳ್ಳೆಯ ಬಡಾವಣೆಗಳಲ್ಲಿ ಮನೆ ಸಿಕ್ಕ ಬಡ ಮಕ್ಕಳನ್ನು ಸಂಶೋಧಕಿ ಹೆದರ್ ಶ್ವಾರ್ಟ್ಸ್ ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ಯಾವ ಬಡಾವಣೆ ಎಂಬುದು ಹೆಚ್ಚು ಕಡಿಮೆ ಅದೃಷ್ಟದ ಮೇಲೆ ನಿಂತಿದ್ದರಿಂದ ಹೋಲಿಕೆ ನಂಬಲರ್ಹ. ಬಡತನ ಕಡಿಮೆಯಿರುವ ಶಾಲೆಗೆ ಹೋದ ಮಕ್ಕಳು ಪ್ರಾಥಮಿಕ ಶಾಲೆ ಮುಗಿಸುವಷ್ಟರಲ್ಲಿ ಉಳ್ಳವರ ಮಕ್ಕಳ ಜೊತೆಗಿನ ಗಣಿತದ ಅಂತರವನ್ನು ಅರ್ಧದಷ್ಟು ತುಂಬಿಕೊಂಡಿದ್ದರು. ಅಗ್ಗದ ಜಮೀನಿನಲ್ಲಿ ಕಟ್ಟಿದ ಎರಡರಷ್ಟು ಮನೆಗಳು ಈ ಶಾಲೆಯನ್ನು ಕೊಡಲಾರವು.

ಒಂದೇ ಆವರಣದಲ್ಲಿ ಕಟ್ಟಿದರೂ ಗೋಡೆ ಏಳದಿರುವುದಿಲ್ಲ. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಹಳೆಯ ಶಾಲೆಯೊಂದರ ಜಾಗದಲ್ಲಿ ಎದ್ದ ವಸತಿ ಸಮುಚ್ಚಯದ ಸುದ್ದಿ 2019ರಲ್ಲಿ ಹೊರಬಂತು. ಮಂಜೂರಾದ ನಕ್ಷೆಯಲ್ಲಿ ಆಟದ ಜಾಗಕ್ಕೆ ಎಲ್ಲ ಕಡೆಯಿಂದ ಗೇಟುಗಳಿದ್ದವು. ಕಟ್ಟಿ ಮುಗಿಯುವಾಗ ಬಾಡಿಗೆ ಮನೆಗಳ ಕಡೆಯ ಗೇಟುಗಳ ಜಾಗದಲ್ಲಿ ದಾಟಲಾಗದ ಬೇಲಿ ಗಿಡಗಳು ಬಂದಿದ್ದವು. ಸಾಮಾಜಿಕ ವಸತಿಯ ಮಕ್ಕಳು ತಮ್ಮ ಶಾಲೆಯ ಗೆಳೆಯರು ಬೇಲಿಯಾಚೆ ಆಡುವುದನ್ನು ನೋಡಬಹುದಿತ್ತು, ಸೇರುವಂತಿರಲಿಲ್ಲ. ಮೇಯರ್, ಮಂತ್ರಿಗಳೆಲ್ಲ ಛೀಮಾರಿ ಹಾಕಿದ ಮೇಲೆ ಬೇಲಿ ಹೋಯಿತು. ನ್ಯೂಯಾರ್ಕ್‌ನಲ್ಲಿ 2014ರಲ್ಲಿ ಬಡವರಿಗೆ ಬೇರೆ ಬಾಗಿಲಿಟ್ಟ ಕಟ್ಟಡದ ಬಗ್ಗೆಯೂ ಹೀಗೆಯೇ ಗದ್ದಲವಾಗಿತ್ತು. ಕೋಪ ಸರಿಯೇ. ಆದರೆ ಬೇರೆ ಬಾಗಿಲನ್ನು ಕೆಲವು ಸಲ ಬಡವರ ಮನೆಗಳನ್ನು ನಡೆಸುವ ವಸತಿ ಸಂಸ್ಥೆಗಳೇ ಕೇಳುತ್ತವೆ ಎಂಬುದೂ ನಿಜ. ಈಜುಕೊಳ, ಜಿಮ್, ಸ್ವಾಗತಕಾರರಿರುವ ಕಟ್ಟಡದ ನಿರ್ವಹಣಾ ಶುಲ್ಕ ಹಂಚಿಕೊಂಡರೆ ಬಾಡಿಗೆ ಕಡಿಮೆಯಾಗಿಯೂ ಪ್ರಯೋಜನವಿಲ್ಲ. ಬಾಗಿಲಿನ ಜಗಳದ ಹಿಂದಿರುವ ಈ ಶುಲ್ಕದ ವಿಷಯ ಅನುಮತಿಯ ಷರತ್ತುಗಳಲ್ಲೇ ಬರೆದಿರಬೇಕು. ಬಹಳ ಕಡೆ ಇರುವುದಿಲ್ಲ.

ಮಾಂಟ್ಗೊಮೆರಿ ಕೌಂಟಿಯ ಹೆಸರು ಇನ್ನೊಂದು ಕಾರಣಕ್ಕೂ ಬರುತ್ತದೆ. 1974ರಲ್ಲೇ ಕಾನೂನು ಮಾಡಿದ ಅದು ಈ ನೀತಿಯ ಹಿರಿಯಣ್ಣ. ಆದರೆ ಮೊದಲಿಗೆ ಬೆಲೆಯ ನಿಯಂತ್ರಣ ಇದ್ದದ್ದು ಐದೇ ವರ್ಷ. ಆಮೇಲೆ ಮನೆ ಪಡೆದವರು ಮಾರುಕಟ್ಟೆ ದರಕ್ಕೆ ಮಾರಬಹುದಿತ್ತು, ಮಾರಿದರು. ಅವಧಿ ಹತ್ತು ವರ್ಷಕ್ಕೆ ಏರಿ, 2005ರಲ್ಲಿ ಮಾರಾಟದ ಮನೆಗಳಿಗೆ 30, ಬಾಡಿಗೆ ಮನೆಗಳಿಗೆ 99 ವರ್ಷವಾಗುವ ಹೊತ್ತಿಗೆ ಸಾವಿರಾರು ಮನೆಗಳು ಕೈಬಿಟ್ಟು ಹೋಗಿದ್ದವು. ತೂತಿನ ಬಿಂದಿಗೆಗೆ ನೀರು ಹೊತ್ತಂತೆ.

ಈ ಮನೆಗಳನ್ನು ಕೊಂಡು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡಿದೆ. ಇಂಗ್ಲೆಂಡಿನಲ್ಲಿ ಬಿಲ್ಡರುಗಳು ಕಟ್ಟಿದ 106ನೇ ಸೆಕ್ಷನ್ನಿನ ಮನೆಗಳನ್ನು ಕೊಂಡು ಬಾಡಿಗೆಗೆ ಕೊಡಬೇಕಾದ ವಸತಿ ಸಂಸ್ಥೆಗಳು ಹಳೆಯ ಮನೆಗಳ ದುರಸ್ತಿ, ಬೆಂಕಿ ಸುರಕ್ಷತೆಯ ಖರ್ಚು, ಬಡ್ಡಿಯ ಭಾರದಲ್ಲಿ ಕೊಳ್ಳುವುದನ್ನೇ ಕಡಿಮೆ ಮಾಡಿದವು. ಒಪ್ಪಂದವಾದ ಮನೆಗಳಿಗೇ ಗಿರಾಕಿ ಇಲ್ಲ! ಮಾರುವವರನ್ನೂ ಕೊಳ್ಳುವವರನ್ನೂ ಸೇರಿಸಲು ಸರ್ಕಾರಿ ವಸತಿ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಪ್ರತ್ಯೇಕ ಸೇವೆಯನ್ನೇ ಆರಂಭಿಸಬೇಕಾಯಿತು.

ಲಂಡನ್ನಿನಲ್ಲಿ ಈಗ ನಡೆಯುತ್ತಿರುವುದನ್ನು ಈ ಕಣ್ಣಿನಿಂದ ನೋಡಬೇಕು. ಕಟ್ಟುವ ಖರ್ಚು ಮತ್ತು ಬಡ್ಡಿ ಏರಿ ಹೊಸ ಮನೆಗಳ ಆರಂಭವೇ ಕುಸಿದಾಗ, 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಮತ್ತು ಮೇಯರ್ ಜಂಟಿಯಾಗಿ, ತಾತ್ಕಾಲಿಕವಾಗಿ, ಬೇಗ ಸಾಗುವ ದಾರಿಯ ಪ್ರಮಾಣವನ್ನು ಶೇ 35ರಿಂದ ಶೇ 20ಕ್ಕೆ ಇಳಿಸುವ ಪ್ರಸ್ತಾಪ ಮುಂದಿಟ್ಟರು. ಬಡವರಿಗೆ ದ್ರೋಹ ಎಂದರು ಒಬ್ಬರು, ತಡವಾಗಿ ಬಂದ ಬುದ್ಧಿ ಎಂದರು ಇನ್ನೊಬ್ಬರು. 35ಕ್ಕೂ 20ಕ್ಕೂ ನಡುವಿನ ಹದಿನೈದಕ್ಕಿಂತ ಪ್ರಸ್ತಾಪದ ಇನ್ನೊಂದು ಸಾಲು ಹೆಚ್ಚು ಮುಖ್ಯ: ಗಡುವಿನೊಳಗೆ ಕಟ್ಟಡ ಮೇಲೇಳದಿದ್ದರೆ ಲೆಕ್ಕ ಮತ್ತೆ ತೆರೆಯುತ್ತದೆ, ಲಾಭ ಹೆಚ್ಚಿದ್ದರೆ ನಗರಕ್ಕೂ ಪಾಲು ಸಲ್ಲಬೇಕು. ಜಮೀನು ಆಗಲೇ ಕೊಂಡು ಸಿಕ್ಕಿಕೊಂಡವನಿಗೆ ಈ ರಿಯಾಯಿತಿ ಕಟ್ಟಲು ನೆರವಾಗಬಹುದು. ಆದರೆ ಗಡುವು ಒಮ್ಮೆ ಮುಂದಕ್ಕೆ ಹೋಯಿತೆಂದರೆ, ನಾಳೆ ಜಮೀನು ಮಾರಲು ಕೂತವನು ಶೇ 20ನ್ನೇ ಖಾಯಂ ಎಂದು ಹಿಡಿದು ತನ್ನ ಬೆಲೆ ಹೇಳುತ್ತಾನೆ, ಮುಂದಿನ ಬಿಲ್ಡರ್ ಆ ಬೆಲೆಯನ್ನು ಕೊಟ್ಟು ಬಂದು ಮೇಯರ್ ಕಚೇರಿಯಲ್ಲಿ ಕೂತು ಶೇ 20 ಕೂಡ ಗಿಟ್ಟುವುದಿಲ್ಲ ಎನ್ನುತ್ತಾನೆ.